ಮೊದಲು ಗೋಡೆ, ಕೊನೆಗೆ ಪರದೆ: ಕಡಿಮೆ ಖರ್ಚಿನಲ್ಲಿ ಹಾಲ್ ಮತ್ತು ಊಟದ ಜಾಗ ಸರಿ ಮಾಡುವ ಬಗೆ

ನಮ್ಮ ವಿಜಯಪುರದಲ್ಲಿ ಹಾಲ್‌ಗೆ ಬಣ್ಣ ಹೊಡೆಸಿದವರು ಆರು ತಿಂಗಳ ನಂತರ ಹೇಳುವ ಮಾತು ಹೆಚ್ಚು ಕಡಿಮೆ ಒಂದೇ: "ಇಷ್ಟ್ ಖರ್ಚ್ ಮಾಡಿದ್ರೂ ಮತ್ತ ಹಂಗೇ ಆತ್ ನೋಡ್ರಿ." ಸೋಫಾ ಹಿಂದಿನ ಗೋಡೆ ಉಬ್ಬಿರುತ್ತದೆ. ಅಂಗಡಿಯಲ್ಲಿ ಕೆನೆಯಂತೆ ಕಂಡ ಬಣ್ಣ ಮನೆಯ ಟ್ಯೂಬ್‌ಲೈಟ್ ಕೆಳಗೆ ಹಸಿರು ಹೊಡೆಯುತ್ತಿರುತ್ತದೆ. ಹೊಸ ಡೈನಿಂಗ್ ಟೇಬಲ್ ಮೇಲೆ ಶಾಲೆ ಬ್ಯಾಗು, ಇಸ್ತ್ರಿಗೆ ಕೊಡಬೇಕಾದ ಬಟ್ಟೆ, ಕರೆಂಟ್ ಬಿಲ್ಲು. ಮನೆಮಂದಿ ಅದರ ಪಕ್ಕದಲ್ಲೇ ನೆಲದ ಮೇಲೆ ಕೂತು ಊಟ ಮಾಡುತ್ತಿರುತ್ತಾರೆ.

ಇದಕ್ಕೆಲ್ಲ ಕಾರಣ ಹುಡುಕುತ್ತ ಹೋದರೆ ಕೆಲಸದ ಕ್ರಮ ತಪ್ಪಿರುವುದು ಕಾಣುತ್ತದೆ. ಮೊದಲು ಪರದೆ ಕೊಳ್ಳುತ್ತಾರೆ. ಆಮೇಲೆ ಪರದೆಗೆ ಹೊಂದುವ ಬಣ್ಣ ಹುಡುಕುತ್ತಾರೆ. ಬಣ್ಣ ಅರ್ಧ ಆದಾಗ ಟಿವಿಗೆ ಪ್ಲಗ್ ಇಲ್ಲ ಅನ್ನುವುದು ನೆನಪಾಗಿ ಗೋಡೆ ಕೊರೆಸುತ್ತಾರೆ. ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ದುಡ್ಡು ಸಾಲದಿದ್ದರೆ ಕೊನೆಯ ಹಂತಗಳನ್ನು ಮುಂದಕ್ಕೆ ಹಾಕಿ, ಮೊದಲಿನವನ್ನು ಬಿಡಬೇಡಿ.

ಯಾವ ತಿಂಗಳು?

ದೀಪಾವಳಿ ಮುಗಿದ ಮೇಲೆ, ಅಂದರೆ ನವೆಂಬರ್‌ನಿಂದ ಫೆಬ್ರವರಿ ತನಕ. ಮಳೆಗಾಲದಲ್ಲಿ ಗೋಡೆ ಒಣಗುವುದಿಲ್ಲ. ಏಪ್ರಿಲ್-ಮೇ ಬಿಸಿಲಿಗೆ ಪುಟ್ಟಿ ಗಟ್ಟಿಯಾಗುವ ಮೊದಲೇ ನೀರು ಆರಿ ಹಿಟ್ಟಿನಂತೆ ಉದುರುತ್ತದೆ. ದಸರಾ, ದೀಪಾವಳಿ ಮುಂದಿರುವಾಗ ಒಳ್ಳೆಯ ಪೇಂಟರ್ ಸಿಗುವುದಿಲ್ಲ. ಸಿಕ್ಕವರು ಮೂರು ಮನೆ ಒಟ್ಟಿಗೆ ಹಿಡಿದಿರುತ್ತಾರೆ. ಬೆಳಗಾವಿ, ಖಾನಾಪುರ ಕಡೆಯವರು ಇನ್ನೂ ಸ್ವಲ್ಪ ತಡೆಯಬೇಕು. ಅಲ್ಲಿಯ ಮಳೆ ಹೊಡೆದ ಪಶ್ಚಿಮದ ಗೋಡೆ ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ.

ಹಂತ 1: ಖಾಲಿ ಮಾಡಿ, ಎರಡು ದಿನ ಹಾಗೇ ಬಿಡಿ

ಗೋಡೆಗೆ ಅಂಟಿಕೊಂಡಿರುವ ಎಲ್ಲವನ್ನೂ ಸರಿಸಿ. ಕ್ಯಾಲೆಂಡರ್, ಫೋಟೊ, ಶೋಕೇಸ್, ಶೂ ಸ್ಟ್ಯಾಂಡ್, ಯಾವುದನ್ನೂ ಬಿಡಬೇಡಿ. ಸೋಫಾದ ಹಿಂದೆ, ಫ್ರಿಜ್ ಹಿಂದೆ, ಟಿವಿ ಸ್ಟ್ಯಾಂಡ್ ಕೆಳಗೆ ಏನಾಗಿದೆ ಎಂದು ಆಗಲೇ ಗೊತ್ತಾಗುವುದು.

ತೆಗೆದ ಸಾಮಾನನ್ನು ಮೂರು ಗುಂಪು ಮಾಡಿ: ಇಲ್ಲೇ ವಾಪಸು ಬರುವುದು, ಬೇರೆ ಕೋಣೆಗೆ ಹೋಗುವುದು, ಮನೆಯಿಂದಲೇ ಹೋಗುವುದು. ಮೂರನೇ ಗುಂಪನ್ನು ಅದೇ ವಾರ ಕಳಿಸಿ. "ಮಾಳಿಗೆ ಮ್ಯಾಲ ಇಡೋಣ" ಅಂದರೆ ಅದು ಯುಗಾದಿಗೆ ಮತ್ತೆ ಕೆಳಗಿಳಿದು ಬರುತ್ತದೆ.

ಖಾಲಿ ಹಾಲ್‌ನಲ್ಲಿ ಎರಡು ದಿನ ಜಮಖಾನ ಹಾಸಿಕೊಂಡು ಇದ್ದು ನೋಡಿ. ಬಿಸಿಲು ಎಷ್ಟು ಹೊತ್ತಿಗೆ ಯಾವ ಗೋಡೆಗೆ ಬೀಳುತ್ತದೆ, ಯಾರು ಎಲ್ಲಿ ಒರಗುತ್ತಾರೆ, ಮೊಬೈಲ್ ಚಾರ್ಜಿಗೆ ಯಾವ ಮೂಲೆಗೆ ಹೋಗುತ್ತಾರೆ, ಗಮನಿಸಿ. ಮುಂದಿನ ಅರ್ಧ ತೀರ್ಮಾನ ಇಲ್ಲೇ ಆಗಿಬಿಡುತ್ತದೆ.

ಹಂತ 2: ಟೇಪು ಹಿಡಿಯಿರಿ, ಲೆಕ್ಕ ಬರೆಯಿರಿ

ಅಳತೆ ನೀವೇ ಮಾಡಿ. ಉದಾಹರಣೆಗೆ 12×15 ಅಡಿಯ ಹಾಲ್, ಪಕ್ಕದಲ್ಲಿ 10×10 ಅಡಿಯ ಊಟದ ಜಾಗ, ಎತ್ತರ 10 ಅಡಿ ಅಂದುಕೊಳ್ಳಿ. ಹಾಲ್‌ನ ಸುತ್ತಳತೆ 54 ಅಡಿ, ಎತ್ತರದಿಂದ ಗುಣಿಸಿದರೆ 540 ಚದರಡಿ. ಊಟದ ಜಾಗದ್ದು 400. ಒಟ್ಟು 940. ಎರಡರ ನಡುವಿನ 6×7 ಅಡಿಯ ತೆರೆದ ಜಾಗ ಎರಡೂ ಕಡೆ ಲೆಕ್ಕಕ್ಕೆ ಬಂದಿರುವುದರಿಂದ 84 ಕಳೆಯಿರಿ. ಮೂರು ಬಾಗಿಲು, ಎರಡು ಕಿಟಕಿಗೆ ಇನ್ನೊಂದು ನೂರೈದು. ಉಳಿಯುವುದು ಸುಮಾರು 750 ಚದರಡಿ ಗೋಡೆ. ಮೇಲ್ಛಾವಣಿ ಬೇರೆ, 280.

ಸಾಧಾರಣ ಎಮಲ್ಷನ್ ಪೇಂಟು (ನೀರು ಬೆರೆಸಿ ಹೊಡೆಯುವ ಗೋಡೆ ಬಣ್ಣ), ಚೆನ್ನಾಗಿ ತಯಾರಾದ ಗೋಡೆ ಮೇಲೆ, ಎರಡು ಕೋಟು ಹೊಡೆದರೆ ಲೀಟರಿಗೆ 60 ಚದರಡಿ ಆಸುಪಾಸು ಬರುತ್ತದೆ. ಅಂದರೆ ಗೋಡೆಗೆ 12ರಿಂದ 13 ಲೀಟರ್, ಮೇಲ್ಛಾವಣಿಗೆ 5 ಲೀಟರ್. ಪೇಂಟರ್ 20 ಲೀಟರಿನ ಎರಡು ಡಬ್ಬ ತರಿಸಲು ಹೇಳಿದರೆ ಈ ಲೆಕ್ಕ ತೋರಿಸಿ.

ಚದರಡಿ ಲೆಕ್ಕದಲ್ಲಿ ಗುತ್ತಿಗೆ ಕೊಡುವುದಾದರೆ ಮೊದಲೇ ಎರಡು ಪ್ರಶ್ನೆ ಕೇಳಿ. ಬಾಗಿಲು-ಕಿಟಕಿ ಹಿಡಿದೋ, ಬಿಟ್ಟೋ? ಪುಟ್ಟಿ ಎಷ್ಟು ಕೋಟು, ಬಣ್ಣ ಎಷ್ಟು ಕೋಟು? ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಸಂಬಂಧಿಕರೇ ಆದರೂ ಬರೆಸಿಕೊಳ್ಳಿ, ಅವರ ಹತ್ತಿರವಂತೂ ಬರೆಸಿಕೊಳ್ಳಲೇಬೇಕು.

ಇನ್ನು ದುಡ್ಡು ಹಂಚುವುದು. ಕೈಯಲ್ಲಿ 60 ಸಾವಿರ ಇದೆ ಅಂದರೆ ನಾನು ಹೀಗೆ ಇಡುತ್ತೇನೆ: ಗೋಡೆ ರಿಪೇರಿ ಮತ್ತು ಬಣ್ಣಕ್ಕೆ 25, ಹಳೆ ಸೋಫಾ-ಮರದ ಸಾಮಾನು ಸರಿ ಮಾಡಿಸಲು 12, ವೈರಿಂಗ್ ಮತ್ತು ಬೆಳಕಿಗೆ 10, ಬಟ್ಟೆಗೆ 6, ನೆಲಕ್ಕೆ 2. ಉಳಿದ 5 ಸಾವಿರ ಯಾರಿಗೂ ಹೇಳದೆ ತೆಗೆದಿಡಿ. ಗೋಡೆ ಕೆದಕಿದಾಗ ಅದು ಬೇಕಾಗುತ್ತದೆ.

ಹಂತ 3: ನೀರಿನ ಮೂಲ ಹುಡುಕಿ (ಇದನ್ನು ಹಾರಿಸಿದರೆ ಮುಂದಿನದೆಲ್ಲ ವ್ಯರ್ಥ)

ನನ್ನದೇ ಕಥೆ ಹೇಳುತ್ತೇನೆ. ತಂಗಿಯ ನಿಶ್ಚಯಕ್ಕೆ ಇಪ್ಪತ್ತು ದಿನ ಇತ್ತು. ನಮ್ಮ ಹಾಲ್‌ನ ಒಂದು ಗೋಡೆ ಬಚ್ಚಲಿಗೆ ತಾಗಿದೆ. ಅದರ ಬುಡದಲ್ಲಿ ಒಂದೂವರೆ ಅಡಿ ಎತ್ತರದ ತನಕ ಬಿಳಿ ಪುಡಿ. ಕೈಯಿಟ್ಟರೆ ರವೆಯಂತೆ ಹತ್ತುತ್ತಿತ್ತು. "ಅಕ್ಕಾರ, ಪುಟ್ಟಿ ಹಾಕಿದ್ರ ಎಲ್ಲಾ ಮುಚ್ಚಿ ಹೋಗ್ತೈತ್ರಿ" ಅಂದರು ಪೇಂಟರ್. ನನಗೂ ಬೇಕಾಗಿದ್ದ ಮಾತು ಅದೇ, ಹೂಂ ಅಂದೆ. ನಿಶ್ಚಯದ ಫೋಟೊ ಚಲೋ ಬಂದವು. ನಲವತ್ತನೇ ದಿನಕ್ಕೆ ಸೋಫಾ ಸರಿಸಿದರೆ ಪುಟ್ಟಿ ಹಪ್ಪಳದಂತೆ ಎದ್ದು ನಿಂತಿತ್ತು. ಬೆರಳಲ್ಲಿ ಒತ್ತಿದೆ, ಕಟುಂ ಎಂದು ಮುರಿದು ಹಿಂದಿನ ಉಪ್ಪು ನೆಲಕ್ಕೆ ಸುರಿಯಿತು.

ಆಗುವುದು ಇಷ್ಟು. ನೆಲದಿಂದಲೋ ಬಚ್ಚಲಿನಿಂದಲೋ ನೀರು ಗೋಡೆಯೊಳಗೆ ಏರುತ್ತದೆ. ಬರುವಾಗ ಮಣ್ಣಿನ, ಸಿಮೆಂಟಿನ ಉಪ್ಪನ್ನು ಕರಗಿಸಿಕೊಂಡು ಬರುತ್ತದೆ. ಮೇಲ್ಮೈಗೆ ಬಂದಾಗ ನೀರು ಆವಿಯಾಗುತ್ತದೆ, ಉಪ್ಪು ಹರಳುಗಟ್ಟುತ್ತದೆ. ಆ ಹರಳು ಬೆಳೆಯುತ್ತ ಪುಟ್ಟಿಯನ್ನು ಹಿಂದಿನಿಂದ ತಳ್ಳುತ್ತದೆ. ಎಷ್ಟು ದಪ್ಪ ಪುಟ್ಟಿ ಹಾಕಿದರೂ ತಳ್ಳುತ್ತದೆ.

*ಪರೀಕ್ಷೆ ಹೀಗೆ ಮಾಡಿ.* ಅನುಮಾನ ಇರುವ ಜಾಗದಲ್ಲಿ ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಬಿಗಿಯಾಗಿ ಮುಚ್ಚಿ. ಎರಡು ದಿನ ಬಿಡಿ. ಹಾಳೆಯ ಒಳಮೈಗೆ, ಗೋಡೆಯ ಕಡೆಗೆ, ಹನಿ ಕೂತಿದ್ದರೆ ಗೋಡೆಯೊಳಗೆ ನೀರಿದೆ. ಹೊರಮೈ ಮಾತ್ರ ತೇವವಾಗಿದ್ದರೆ ಅದು ಕೋಣೆಯ ಗಾಳಿಯ ತೇವ. ಕಿಟಕಿ ತೆರೆದಿಟ್ಟರೆ ಸಾಕು.

ನೀರಿದೆ ಎಂದು ಗೊತ್ತಾದರೆ ಮೊದಲು ಮೂಲ ಮುಚ್ಚಿಸಿ. ಬಚ್ಚಲಿನ ಟೈಲ್ಸ್ ಸಂದಿ, ನಲ್ಲಿಯ ಪೈಪು, ಮಾಳಿಗೆಯ ನೀರು ಹೋಗುವ ಕೊಳವೆ, ಹೊರಗೋಡೆಗೆ ಒತ್ತಿಕೊಂಡಿರುವ ಹೂವಿನ ಮಡಿ, ಇವೇ ಸಾಮಾನ್ಯ ಕಳ್ಳರು. ಆಮೇಲೆ ಗೋಡೆಯ ಉಪ್ಪನ್ನು ಒಣ ಬ್ರಷ್‌ನಿಂದ ಕೆರೆದು ಮೊರಕ್ಕೆ ತುಂಬಿ ಹೊರಗೆ ಹಾಕಿ. ನೀರು ಹಾಕಿ ತೊಳೆಯಬೇಡಿ, ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಸಡಿಲಾದ ಗಿಲಾವನ್ನು (ಗೋಡೆಯ ಪ್ಲಾಸ್ಟರ್) ಕಲೆಗಿಂತ ಒಂದು ಅಡಿ ಮೇಲಿನ ತನಕ ಗೌಂಡಿಯಿಂದ ತೆಗೆಸಿ, ಮೂರು-ನಾಲ್ಕು ವಾರ ತೆರೆದಿಡಿ. ನಮ್ಮ ಕಡೆಯ ಚಳಿಗಾಲದ ಒಣ ಗಾಳಿ ಆ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ.

ಇಲ್ಲಿ ಎರಡು ಎಚ್ಚರ. ಒಂದು, ಗಿಲಾವಿಗಾಗಲಿ ಪುಟ್ಟಿಗಾಗಲಿ ಸವುಳು ಬೋರ್ ನೀರು ಬೇಡ. ನೀವೇ ಕೈಯಾರೆ ಗೋಡೆಗೆ ಉಪ್ಪು ಸೇರಿಸಿದಂತೆ. ಕುಡಿಯುವ ನೀರು ಎರಡು ಕೊಡ ತೆಗೆದಿಡಿ. ಎರಡು, ಹಳೆಯ ಕಲ್ಲು-ಮಣ್ಣಿನ ಗೋಡೆಯ ಮನೆಯಾಗಿದ್ದರೆ ಸಿಮೆಂಟ್ ಗಿಲಾವು ಮಾಡಿಸಬೇಡಿ. ಆ ಗೋಡೆ ಉಸಿರಾಡಬೇಕು. ಸಿಮೆಂಟು ಅದರ ಬಾಯಿ ಮುಚ್ಚಿದರೆ ನೀರು ಇನ್ನೂ ಮೇಲಕ್ಕೆ ಏರುತ್ತದೆ. ಅಲ್ಲಿ ಸುಣ್ಣದ ಗಿಲಾವು, ಸುಣ್ಣದ ಬಣ್ಣವೇ ಸರಿ. ಖರ್ಚೂ ಕಡಿಮೆ.

ಹಂತ 4: ಬಿರುಕು ಯಾವ ಜಾತಿಯದು?

ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಅದರ ಮೇಲೆ ನಿಂತ ಮನೆಯೂ ಸ್ವಲ್ಪ ಕದಲುತ್ತದೆ. ಹಾಗಾಗಿ ಇಲ್ಲಿ ಬಿರುಕಿಲ್ಲದ ಗೋಡೆ ಅಪರೂಪ.

ಕೂದಲೆಳೆಯಷ್ಟು ಬಿರುಕಾದರೆ ಪುಟ್ಟಿ ಪಟ್ಟಿಯ ಮೂಲೆಯಿಂದ ಇಂಗ್ಲಿಷಿನ 'ವಿ' ಆಕಾರಕ್ಕೆ ಕೆರೆದು, ಧೂಳು ಊದಿ, ಕ್ರ್ಯಾಕ್ ಫಿಲ್ಲರ್ ತುಂಬಿ. ಕೆರೆಯದೆ ಮೇಲೆ ಬಳಿದರೆ ತಿಂಗಳಲ್ಲಿ ಅದೇ ಗೆರೆ ಮತ್ತೆ ಕಾಣುತ್ತದೆ. ಕಾಲಂ ಮತ್ತು ಇಟ್ಟಿಗೆ ಗೋಡೆ ಸೇರುವ ಕಡೆ ನೆಟ್ಟಗೆ ಬಿಟ್ಟ ಬಿರುಕಿಗೆ ಕೋಳಿ ಜಾಳಿಗೆ ಹೊಡೆದು ಗಿಲಾವು ಮಾಡಿಸಬೇಕು.

ಬಾಗಿಲು ಅಥವಾ ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಮೆಟ್ಟಿಲಿನಂತೆ ಇಟ್ಟಿಗೆ ಸಾಲು ಹಿಡಿದು ಇಳಿಯುವ ಬಿರುಕು, 5 ಮಿಲಿಮೀಟರ್‌ಗಿಂತ ಅಗಲವಾದದ್ದು, ಬಾಗಿಲು ಸಿಕ್ಕಿಕೊಳ್ಳಲು ಶುರುವಾಗಿರುವುದು: ಇವುಗಳಲ್ಲಿ ಒಂದು ಕಂಡರೂ ಪೇಂಟರ್‌ನ ಬಿಟ್ಟು ಎಂಜಿನಿಯರ್‌ಗೆ ತೋರಿಸಿ. ಅಲ್ಲಿಯ ತನಕ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ ತಾರೀಖು ಬರೆದಿಡಿ. ಅದು ಬೆಳೆಯುತ್ತಿದೆಯೋ ನಿಂತಿದೆಯೋ ಎಂದು ಬಾಯಿಮಾತಿಗಿಂತ ಆ ಗುರುತು ಚೆನ್ನಾಗಿ ಹೇಳುತ್ತದೆ.

ಹಂತ 5: ವೈರಿಂಗ್

ಪುಟ್ಟಿಗೆ ಮೊದಲು. ಮತ್ತೆ ಹೇಳುತ್ತೇನೆ, ಪುಟ್ಟಿಗೆ ಮೊದಲು.

ಮೊದಲ ಎರಡು ದಿನ ಗಮನಿಸಿದ್ದನ್ನು ಈಗ ಗೋಡೆ ಮೇಲೆ ಸೀಮೆಸುಣ್ಣದಿಂದ ಬರೆಯಿರಿ. ಟಿವಿ ಹಿಂದೆ ಕನಿಷ್ಠ ನಾಲ್ಕು ಸಾಕೆಟ್, ಸೋಫಾದ ಒಂದು ಬದಿಗೆ ಚಾರ್ಜಿಂಗಿಗೆ ಒಂದು, ಊಟದ ಟೇಬಲ್ ಮೇಲೆ ತೂಗುದೀಪಕ್ಕೆ ಒಂದು. ಕೂಲರ್ ಮರೆಯಬೇಡಿ. ಕಿಟಕಿ ಪಕ್ಕದಲ್ಲೇ ಪಾಯಿಂಟ್ ಇಲ್ಲದಿದ್ದರೆ ಮಾರ್ಚ್‌ನಿಂದ ಜೂನ್ ತನಕ ಬಾಗಿಲಿಗೆ ಅಡ್ಡವಾಗಿ ಎಕ್ಸ್‌ಟೆನ್ಷನ್ ವೈರು ಬಿದ್ದಿರುತ್ತದೆ, ದಿನಕ್ಕೊಬ್ಬರು ಎಡವುತ್ತಾರೆ.

ಹಳೆ ಮನೆಯಾದರೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಪರೀಕ್ಷೆ ಮಾಡಿಸಿ. ಮೂರು ತೂತಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದಲ್ಲ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್ಚು) ಹಾಕಿಸಿದರೆ ಶಾಕ್ ಹೊಡೆಯುವ ಹೊತ್ತಿಗೆ ಕರೆಂಟ್ ತಾನೇ ಬಿದ್ದುಹೋಗುತ್ತದೆ. ನೀರು ತುಂಬಿದ ಕೂಲರ್ ಸುತ್ತ ಮಕ್ಕಳು ಓಡಾಡುವ ಮನೆಗೆ ಇದು ಶೋಕಿ ಅಲ್ಲ. ಪರದೆಯ ದುಡ್ಡು ಕಡಿಮೆ ಮಾಡಿಯಾದರೂ ಹಾಕಿಸಿ.

ಕೊರೆದ ಜಾಗವನ್ನು ಮುಚ್ಚುವ ಮೊದಲು ಪ್ರತಿ ಗೋಡೆಯ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಮೊಳೆ ಹೊಡೆಯುವಾಗ ವೈರು ಎಲ್ಲಿದೆ ಎಂದು ಅದೇ ಹೇಳುತ್ತದೆ. ಫೋಟೊ ಇಲ್ಲದ ಹಳೆ ಗೋಡೆಯಾದರೆ ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಡ್ರಿಲ್ ಇಡಲೇಬೇಡಿ.

ಹಂತ 6: ಕೆರೆಯುವುದು, ಪುಟ್ಟಿ, ಪ್ರೈಮರ್

ಬೇಕಾಗುವ ಸಲಕರಣೆ: 4 ಇಂಚಿನ ಪುಟ್ಟಿ ಪಟ್ಟಿ, ಅಗಲದ ಪುಟ್ಟಿ ಬ್ಲೇಡು, 120 ಮತ್ತು 220 ನಂಬರಿನ ಪಾಲಿಶ್ ಪೇಪರ್, ಎರಡು ಬಕೆಟ್, ಹಳೆ ಬೆಡ್‌ಶೀಟು, ಮೂಗಿಗೆ ಮಾಸ್ಕ್, ಒಂದು ಟಾರ್ಚು. ಟಾರ್ಚು ಯಾಕೆ ಎಂದು ಮುಂದೆ ಹೇಳುತ್ತೇನೆ.

*ಕೆರೆಯುವುದು.* ಒಣ ಅಂಗೈಯಿಂದ ಗೋಡೆ ಉಜ್ಜಿ. ಬಿಳಿ ಪುಡಿ ಬಂದರೆ ಅದು ಹಳೆ ಸುಣ್ಣ ಅಥವಾ ಡಿಸ್ಟೆಂಪರ್. ಎಮಲ್ಷನ್ ಹೊಡೆಯಬೇಕೆಂದರೆ ಆ ಪದರು ಪೂರ್ತಿ ಹೋಗಬೇಕು. ಇಲ್ಲದಿದ್ದರೆ ಹೊಸ ಬಣ್ಣ ಗೋಡೆಗೆ ಅಂಟುವುದಿಲ್ಲ, ಪುಡಿಗೆ ಅಂಟುತ್ತದೆ. ಪುಡಿಯ ಜೊತೆಗೇ ಬಿದ್ದುಹೋಗುತ್ತದೆ. ಎಣ್ಣೆ ಬಣ್ಣದ ಹಳೆ ಬಾಗಿಲು, ಕಿಟಕಿಯ ಗಜ (ಸರಳು) ಇದ್ದರೆ ಒಣದಾಗಿ ಉಜ್ಜಬೇಡಿ, ನೀರು ಹಚ್ಚಿಕೊಂಡು ಉಜ್ಜಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಹಳದಿ, ಕೆಂಪು, ಹಸಿರು ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು. ಆ ಎರಡು ದಿನ ಚಿಕ್ಕ ಮಕ್ಕಳನ್ನು ಅಜ್ಜಿ ಮನೆಗೆ ಕಳಿಸಿ.

*ಪುಟ್ಟಿ.* ದುಡ್ಡು ಉಳಿಸುವ ಜಾಗ ಇದು. ಹಳೆ ಪುಟ್ಟಿ ಗಟ್ಟಿಯಾಗಿದ್ದರೆ ಇಡೀ ಗೋಡೆಗೆ ಮತ್ತೆ ಎರಡು ಕೋಟು ಬೇಕಿಲ್ಲ, ಹಾಳಾದ ಕಡೆ ಮಾತ್ರ ತೇಪೆ ಹಾಕಿಸಿ. ವೈಟ್ ಸಿಮೆಂಟ್ ಪುಟ್ಟಿಯಾದರೆ ಗೋಡೆಗೆ ಮೊದಲು ನೀರು ಚಿಮುಕಿಸಬೇಕು. ಒಣ ಗೋಡೆ ಪುಟ್ಟಿಯ ನೀರನ್ನೆಲ್ಲ ಹೀರಿಬಿಡುತ್ತದೆ. ಒಂದು ಕಿಲೋ ಪುಟ್ಟಿಗೆ 350ರಿಂದ 400 ಮಿಲಿಲೀಟರ್ ನೀರು, ಗಂಟಿಲ್ಲದಂತೆ ಕಲಸಿ. ಎರಡು ಗಂಟೆಯಲ್ಲಿ ಮುಗಿಯುವಷ್ಟೇ ಕಲಸಬೇಕು. ಗಟ್ಟಿಯಾದದ್ದಕ್ಕೆ ಮತ್ತೆ ನೀರು ಹಾಕಿ ತಿರುವುವುದನ್ನು ಕಂಡರೆ ಅಲ್ಲೇ ತಡೆಯಿರಿ. ಒಂದು ಕೋಟು ಒಂದೂವರೆ ಮಿಲಿಮೀಟರ್ ಮೀರಬಾರದು. ಗುಳಿ ಆಳವಿದ್ದರೆ ಅದು ಗಿಲಾವಿನ ಕೆಲಸ.

ಒಂದು ದಿನ ಒಣಗಿಸಿ ಉಜ್ಜಿ. ಉಜ್ಜಿದ ಮೇಲೆ ರಾತ್ರಿ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ಅಂಟಿಸಿದಂತೆ ಹಿಡಿದು ಪಕ್ಕಕ್ಕೆ ಬೆಳಕು ಬಿಡಿ. ಪ್ರತಿ ಉಬ್ಬು, ಪ್ರತಿ ಗುಳಿಯ ನೆರಳು ಎದ್ದು ಕಾಣುತ್ತದೆ. ಪೆನ್ಸಿಲ್‌ನಿಂದ ಸುತ್ತು ಹಾಕಿಡಿ, ಬೆಳಿಗ್ಗೆ ಪೇಂಟರ್‌ಗೆ ತೋರಿಸಿ. ನಮ್ಮ ಪೇಂಟರ್ ಮೊದಲು ಸಿಟ್ಟಾದರು. ಆಮೇಲೆ ತಾವೇ ಬೇರೆ ಮನೆಯಲ್ಲಿ ಟಾರ್ಚ್ ಕೇಳಲು ಶುರು ಮಾಡಿದರಂತೆ.

*ಪ್ರೈಮರ್.* ಪುಡಿ ಒರೆಸಿ, ಒಂದು ಕೋಟು. ಇದನ್ನು ಬಿಟ್ಟು ಬಣ್ಣ ಒಂದು ಕೋಟು ಜಾಸ್ತಿ ಹೊಡೆದರೆ ಆಯ್ತಲ್ಲ ಅನ್ನುವವರಿದ್ದಾರೆ. ಪುಟ್ಟಿ ಬಣ್ಣವನ್ನು ಕುಡಿಯುತ್ತದೆ, ತೇಪೆ ಹಾಕಿದ ಜಾಗವೆಲ್ಲ ಮಂಕಾಗಿ ಕಾಣುತ್ತದೆ. ಹೊಸ ಸಿಮೆಂಟ್ ಗಿಲಾವಿನ ತೇಪೆಗೆ ನಾಲ್ಕು ವಾರ ಆಗುವ ತನಕ ಪ್ರೈಮರ್ ಕೂಡ ಬೇಡ.

ಹಂತ 7: ಬಣ್ಣ ಆರಿಸುವುದು, ಹೊಡೆಯುವುದು

ಶೇಡ್ ಕಾರ್ಡಿನ ಬೆರಳಗಲದ ಚೌಕ ನೋಡಿ ತೀರ್ಮಾನ ಮಾಡಬೇಡಿ. ಗೋಡೆ ತುಂಬ ಬಂದಾಗ ಅದು ಎರಡು ಪಟ್ಟು ಗಾಢ ಕಾಣುತ್ತದೆ. ಸಣ್ಣ ಡಬ್ಬ ತಂದು ದೊಡ್ಡ ಡ್ರಾಯಿಂಗ್ ಶೀಟಿಗೆ ಎರಡು ಕೋಟು ಹೊಡೆಯಿರಿ. ಅದನ್ನು ಒಂದೊಂದು ಗೋಡೆಗೂ ಹಿಡಿದು ಬೆಳಿಗ್ಗೆ, ಮಧ್ಯಾಹ್ನ ಮೂರಕ್ಕೆ, ರಾತ್ರಿ ದೀಪದಲ್ಲಿ ನೋಡಿ. ಸಂಜೆ ಬಿಸಿಲು ಬೀಳುವ ಗೋಡೆಗೆ ಹಳದಿ, ಕಿತ್ತಳೆ ಬೇಡ. ಕೋಣೆಯೇ ಸುಡುತ್ತಿದೆ ಅನಿಸುತ್ತದೆ. ಅಚ್ಚ ಬಿಳಿಯೂ ಇಲ್ಲಿ ನಡೆಯುವುದಿಲ್ಲ, ನಮ್ಮ ಧೂಳಿಗೆ ತಿಂಗಳಲ್ಲಿ ಮಾಸುತ್ತದೆ. ಜೋಳದ ಹಿಟ್ಟಿನ ಬಣ್ಣ, ತಿಳಿ ಬೂದು, ಮಜ್ಜಿಗೆಯಂಥ ಬಿಳಿ ಇವೆಲ್ಲ ಬಾಳಿಕೆ ಬರುತ್ತವೆ.

ಹಾಲ್ ಮತ್ತು ಊಟದ ಜಾಗ ತೆರೆದುಕೊಂಡಿದ್ದರೆ ಎರಡಕ್ಕೂ ಒಂದೇ ಬಣ್ಣ ಹಚ್ಚಿ. ಜಾಗ ದೊಡ್ಡದಾಗಿ ಕಾಣುತ್ತದೆ, ಉಳಿದ ಬಣ್ಣವೂ ದಂಡವಾಗುವುದಿಲ್ಲ. ಒಂದು ಗೋಡೆ ಗಾಢ ಬೇಕೆಂದರೆ ಊಟದ ಟೇಬಲ್ ಹಿಂದಿನದನ್ನು ಆರಿಸಿ.

ನಮ್ಮ ಮನೆಗಳಿಗೇ ಇರುವ ಒಂದು ಸಮಸ್ಯೆ ಇದೆ. ನೆಲದ ಮೇಲೆ ಕೂತು ಗೋಡೆಗೆ ಒರಗುತ್ತೇವೆ ಅಲ್ವಾ? ಎರಡೂವರೆ, ಮೂರು ಅಡಿ ಎತ್ತರದಲ್ಲಿ ತಲೆಗೆಣ್ಣೆಯ ಕಲೆಗಳ ಸಾಲು. ನಮ್ಮ ಅವ್ವ ಕೂರುವ ಜಾಗ ಯಾವುದು ಎಂದು ಹೊರಗಿನವರೂ ಗೋಡೆ ನೋಡಿ ಹೇಳಬಹುದಿತ್ತು. ಹಳೆ ಮನೆಗಳಲ್ಲಿ ಕೆಳಗಿನ ಮೂರಡಿಗೆ ಕೆಮ್ಮಣ್ಣಿನ ಪಟ್ಟಿ ಬಳಿಯುತ್ತಿದ್ದದ್ದು ಸುಮ್ನೆ ಅಲ್ಲ. ನೀವೂ ಕೆಳಗಿನ 3 ಅಡಿಗೆ ಒರೆಸಬಹುದಾದ ದುಬಾರಿ ಪೇಂಟು, ಮೇಲಿನದಕ್ಕೆ ಸಾಧಾರಣ ಪೇಂಟು ಹಾಕಿಸಿ. ಕೆಳಗಿನದು ಒಂದು ಅಂಶ ಗಾಢ ಇರಲಿ. ಎಣ್ಣೆ ಕಲೆ ಈಗಾಗಲೇ ಇದ್ದರೆ ಕೆರೆಯುವ ಮೊದಲು ಪಾತ್ರೆ ಸೋಪಿನ ನೀರಲ್ಲಿ ತೊಳೆದು ಒಣಗಿಸಬೇಕು. ಎಣ್ಣೆ ಮೇಲೆ ಹೊಡೆದ ಬಣ್ಣ ನಿಲ್ಲುವುದಿಲ್ಲ.

ಹೊಡೆಯುವ ಸಾಲು: ಮೊದಲು ಮೇಲ್ಛಾವಣಿ, ಆಮೇಲೆ ಗೋಡೆ, ಕೊನೆಗೆ ಬಾಗಿಲು-ಕಿಟಕಿ. ಗೋಡೆಯಲ್ಲಿ ಮೊದಲು 2 ಇಂಚಿನ ಬ್ರಷ್‌ನಿಂದ ಅಂಚು, ಅದು ಒಣಗುವ ಮೊದಲೇ ರೋಲರ್. ಶುರು ಮಾಡಿದ ಗೋಡೆಯನ್ನು ಮುಗಿಸಿಯೇ ಚಹಾಕ್ಕೆ ಏಳಬೇಕು. ಅರ್ಧಕ್ಕೆ ಬಿಟ್ಟರೆ ಒಣಗಿದ ಅಂಚಿನ ಗೆರೆ ಹಾಗೇ ಉಳಿಯುತ್ತದೆ. ಫ್ಯಾನ್ ಆರಿಸಿರಲಿ. ಎರಡು ಕೋಟಿನ ನಡುವೆ ನಾಲ್ಕು ಗಂಟೆ. ಎರಡು ಡಬ್ಬ ಇದ್ದರೆ ದೊಡ್ಡ ಬಕೆಟ್‌ನಲ್ಲಿ ಎರಡನ್ನೂ ಬೆರೆಸಿಕೊಳ್ಳಿ, ಒಂದೇ ನಂಬರಿನ ಶೇಡೂ ಡಬ್ಬದಿಂದ ಡಬ್ಬಕ್ಕೆ ಕೂದಲೆಳೆ ಬದಲಾಗುತ್ತದೆ.

ನೀರು ಎಷ್ಟು ಬೆರೆಸಬೇಕು ಎಂದು ಡಬ್ಬದ ಮೇಲೇ ಬರೆದಿರುತ್ತದೆ. ಅಳತೆಯ ಮಗ್ಗು ನೀವೇ ಕೊಡಿ, ಮೊದಲ ಬಕೆಟ್ ಕಲಸುವಾಗ ಪಕ್ಕದಲ್ಲಿ ನಿಲ್ಲಿ. ಕೆಲಸ ಮುಗಿದ ಮೇಲೆ ಅರ್ಧ ಲೀಟರ್ ಬಣ್ಣವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಶೇಡ್ ನಂಬರ್ ಬರೆದು ಇಟ್ಟುಕೊಳ್ಳಿ.

ಹಂತ 8: ನೆಲ

ಟೈಲ್ಸ್ ಬದಲಿಸುವುದು ಈ ಬಜೆಟ್‌ಗೆ ಬರುವುದಿಲ್ಲ, ಬೇಕೂ ಇಲ್ಲ. ಶಹಾಬಾದ್ ಕಲ್ಲಿನ ಫರಸಿ ಇದ್ದರೆ ನಿಮ್ಮ ಅದೃಷ್ಟ. ಸಂದಿಗಳನ್ನು ತುಂಬಿಸಿ, ಮಷಿನ್ ಪಾಲಿಶ್‌ಗೆ ದರ ಕೇಳಿ. ಒಂದೇ ಒಂದು ತಪ್ಪು ಮಾಡಬೇಡಿ: ಬಣ್ಣದ ಕಲೆ ತೆಗೆಯಲು ಸಂಡಾಸ್ ತೊಳೆಯುವ ಆಸಿಡ್ ಸುರಿಯುವುದು. ಶಹಾಬಾದ್ ಸುಣ್ಣದ ಕಲ್ಲು. ಆಸಿಡ್ ಬಿದ್ದರೆ ನೊರೆಯೆದ್ದು ಮೈ ತರಿತರಿಯಾಗುತ್ತದೆ, ಹೊಳಪು ಮತ್ತೆ ಬರುವುದಿಲ್ಲ. ಮೊಸಾಯಿಕ್, ಮಾರ್ಬಲ್‌ಗೂ ಇದೇ ಮಾತು. ಬಿದ್ದ ಬಣ್ಣವನ್ನು ಹಸಿ ಇರುವಾಗಲೇ ಒರೆಸಿ, ಒಣಗಿದ್ದರೆ ಬ್ಲೇಡಿನಿಂದ ಎಬ್ಬಿಸಿ.

ಹಂತ 9: ಬೆಳಕು

ಒಂದೇ ಟ್ಯೂಬ್‌ಲೈಟ್ ಹಾಲ್‌ಗೆ ಸಾಲುತ್ತದೆ, ಆದರೆ ಚಂದ ಕಾಣಿಸುವುದಿಲ್ಲ. ಟ್ಯೂಬನ್ನು ಓದಲು, ಕಸ ಹೊಡೆಯಲು ಇಟ್ಟುಕೊಳ್ಳಿ. ಸಂಜೆಗೆ ಬೇರೆ ಸ್ವಿಚ್ಚಿನಲ್ಲಿ ಎರಡು 9 ವ್ಯಾಟ್‌ನ ಹಳದಿ ಬೆಳಕಿನ ಬಲ್ಬು ಹಾಕಿ. ಬಲ್ಬಿನ ಪೆಟ್ಟಿಗೆಯ ಮೇಲೆ 3000 ಕೆ ಎಂದಿದ್ದರೆ ಹಳದಿ, 6500 ಕೆ ಎಂದಿದ್ದರೆ ನೀಲಿ ಛಾಯೆಯ ಬಿಳಿ. ಊಟದ ಟೇಬಲ್ ಮೇಲಿನ ತೂಗುದೀಪ ಟೇಬಲ್ ಮೈಯಿಂದ 30 ಇಂಚು ಎತ್ತರದಲ್ಲಿರಲಿ. ಅದಕ್ಕಿಂತ ಮೇಲೆ ಹೋದರೆ ಕಣ್ಣಿಗೆ ಹೊಡೆಯುತ್ತದೆ, ಕೆಳಗಾದರೆ ಸಾರು ಬಡಿಸುವವರ ತಲೆಗೆ.

ಹಂತ 10: ಸಾಮಾನು, ಅದರಲ್ಲೂ ಆ ಡೈನಿಂಗ್ ಟೇಬಲ್

ಹೊಸದು ಕೊಳ್ಳುವ ಮೊದಲು ಹಳೆಯ ಪೇಪರ್ ನೆಲಕ್ಕೆ ಹಾಸಿ ಸಾಮಾನಿನ ಆಕಾರ ಮಾಡಿ, ಒಂದು ದಿನ ಅದರ ಸುತ್ತ ಓಡಾಡಿ. ನಾಲ್ಕು ಜನರ ಟೇಬಲ್‌ಗೆ 4×2.5 ಅಡಿ ಬೇಕು. ಕುರ್ಚಿ ಎಳೆದು ಏಳಲು ಹಿಂದೆ ಎರಡೂವರೆಯಿಂದ ಮೂರು ಅಡಿ. ಸೋಫಾ ಮತ್ತು ಟೀಪಾಯ್ ನಡುವೆ ಒಂದೂವರೆ ಅಡಿ. ಈ ಲೆಕ್ಕ ಹಾಕಿದಾಗ ಅಂಗಡಿಯಲ್ಲಿ ಕಂಡ ಆರು ಜನರ ಟೇಬಲ್ 10×10ರ ಜಾಗದಲ್ಲಿ ಏನು ಅವಾಂತರ ಮಾಡುತ್ತದೆ ಎಂದು ಕಾಣುತ್ತದೆ.

ಇನ್ನೊಂದು ಪ್ರಶ್ನೆ, ಸ್ವಲ್ಪ ಪ್ರಾಮಾಣಿಕವಾಗಿ ಉತ್ತರಿಸಿ. ನಿಮ್ಮ ಮನೆಯಲ್ಲಿ ಊಟ ಎಲ್ಲಿ ನಡೆಯುತ್ತದೆ? ರೊಟ್ಟಿ ಬುಟ್ಟಿ ನಡುವೆ ಇಟ್ಟುಕೊಂಡು ನೆಲದ ಮೇಲೆ ಸುತ್ತ ಕೂರುವ ಮನೆಯಾದರೆ ಟೇಬಲ್ ಬೇಡ. ಮಂಡಿನೋವಿನ ಹಿರಿಯರಿಗೆ, ಬಂದವರಿಗೆ ಗೋಡೆಗೆ ಮಡಚುವ ಟೇಬಲ್ ಹಾಕಿಸಿ: ನೆಲದಿಂದ 30 ಇಂಚು ಎತ್ತರ, ಎರಡು ಗಟ್ಟಿ ಬ್ರಾಕೆಟ್, ಎರಡು ಕುರ್ಚಿ. ಉಳಿದ ಜಾಗಕ್ಕೆ ಒಂದು ಒಳ್ಳೆಯ ಜಮಖಾನ. ನವಲಗುಂದದ್ದು ಸಿಕ್ಕರೆ ಅದೇ ಇಡೀ ಕೋಣೆಯ ಅಲಂಕಾರ.

ಮರದ ಹಳೆ ಸೋಫಾದ ಚೌಕಟ್ಟು ಗಟ್ಟಿಯಿದ್ದರೆ ಸ್ಪಂಜು ಮತ್ತು ಬಟ್ಟೆ ಮಾತ್ರ ಬದಲಿಸಿ. ಕೂರುವ ಭಾಗಕ್ಕೆ 40 ಡೆನ್ಸಿಟಿಯ, 4 ಇಂಚಿನ ಸ್ಪಂಜು ಕೇಳಿ. ಒಂದು ತುಂಡನ್ನು ಮುಂದೆಯೇ ಕತ್ತರಿಸಿ ತೋರಿಸಲು ಹೇಳಿ. ಚೌಕಟ್ಟನ್ನು ಬೆರಳಿಂದ ತಟ್ಟಿ ನೋಡಿ. ಟೊಳ್ಳು ಸದ್ದು, ಬುಡದಲ್ಲಿ ಸಣ್ಣ ಮಣ್ಣಿನ ಗೆರೆ ಇದ್ದರೆ ಗೆದ್ದಲು ಹತ್ತಿದೆ. ಅಂಥದ್ದಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ, ಹೊಸ ಬಣ್ಣದ ಕೋಣೆಗೆ ತರಲೂ ಬೇಡಿ.

ಜಾತ್ರೆಗೆ, ಮದುವೆಗೆ ನೆಂಟರು ಬರುವ ಮನೆಗೆ ಎರಡನೇ ಸೋಫಾಕ್ಕಿಂತ ಕೆಳಗೆ ಪೆಟ್ಟಿಗೆ ಇರುವ ದಿವಾನ ಉಪಯೋಗ. ಕೌದಿ, ಹಾಸಿಗೆ, ದಿಂಬು ಎಲ್ಲ ಅದರ ಹೊಟ್ಟೆಗೆ ಹೋಗುತ್ತವೆ.

ಹಂತ 11: ಈಗ ಪರದೆ, ಬಟ್ಟೆ

ಪರದೆಯ ರಾಡು ಕಿಟಕಿ ಚೌಕಟ್ಟಿಗಿಂತ 4ರಿಂದ 6 ಇಂಚು ಮೇಲೆ, ಎರಡೂ ಬದಿಗೆ 6 ಇಂಚು ಹೊರಗೆ ಬರಲಿ. ಕಿಟಕಿ ದೊಡ್ಡದಾಗಿ ಕಾಣುತ್ತದೆ, ಪರದೆ ಸರಿಸಿದಾಗ ಬೆಳಕೂ ಪೂರ್ತಿ ಬರುತ್ತದೆ. ಬಟ್ಟೆಯ ಅಗಲ ರಾಡಿನ ಎರಡು ಪಟ್ಟು ಇರಬೇಕು. ಕಡಿಮೆಯಾದರೆ ನೆರಿಗೆ ಬೀಳದೆ ಹಾಸಿಗೆ ಒಣಹಾಕಿದಂತೆ ಕಾಣುತ್ತದೆ.

ಪೆಟ್ಟಿಗೆಯಲ್ಲಿ ಹಳೆ ಇಳಕಲ್ ಸೀರೆ ಇದ್ದರೆ ಪರದೆಗೆ ಬಹಳ ಚೆಂದ. ಆದರೆ ನಮ್ಮ ಬಿಸಿಲಿಗೆ ನೇರ ಒಡ್ಡಿದರೆ ಒಂದೇ ಬೇಸಿಗೆಯಲ್ಲಿ ಬಣ್ಣ ಹಾರುತ್ತದೆ. ಹಿಂದೆ ದಪ್ಪ ಹತ್ತಿ ಬಟ್ಟೆಯ ಅಸ್ತರ ಕೊಡಿಸಿ, ಪಶ್ಚಿಮದ ಕಿಟಕಿಗೆ ಹಾಕಬೇಡಿ. ಗುಳೇದಗುಡ್ಡ ಖಣದ ತುಂಡುಗಳು ದಿಂಬಿನ ಕವರ್‌ಗೆ ಸರಿ. ಹೊಲಿಸುವ ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಒಂದು ಮೂಲೆ ಉಜ್ಜಿ ನೋಡಿ. ಬಣ್ಣ ಹತ್ತಿದರೆ ತಿಳಿ ಬಣ್ಣದ ಸೋಫಾ ಮೇಲೆ ಇಡಬೇಡಿ. ಖಣವನ್ನು ಹಿಂಬದಿಗೂ ಹಾಕುವುದು ದಂಡ, ಅಲ್ಲಿ ಸಾದಾ ಹತ್ತಿ ಸಾಕು.

ಫೋಟೊ, ಗಡಿಯಾರ ಎಲ್ಲ ಕೊನೆಗೆ. ಚಿತ್ರದ ನಡು ಭಾಗ ನೆಲದಿಂದ 57ರಿಂದ 60 ಇಂಚಿಗೆ ಬರಲಿ. ನೆಲದ ಮೇಲೆ ಕೂರುವ ಮನೆಯಾದರೆ ಇನ್ನೂ ಅರ್ಧ ಅಡಿ ಇಳಿಸಿ. 6 ಮಿಲಿಮೀಟರ್ ಡ್ರಿಲ್, ಪ್ಲಾಸ್ಟಿಕ್ ಗಿಟ್ಟಿ, ಸ್ಕ್ರೂ. ಮೊಳೆ ಬಡಿದರೆ ಹೊಸ ಪುಟ್ಟಿ ಚಕ್ಕೆ ಏಳುತ್ತದೆ. ತೂತು ಕೊರೆಯುವ ಜಾಗಕ್ಕೆ ಮೊದಲು ಒಂದು ತುಂಡು ಟೇಪು ಅಂಟಿಸಿ, ಅದರ ಕೆಳಗೆ ಮಡಚಿದ ಕಾಗದ ಹಚ್ಚಿ. ಪುಡಿಯೆಲ್ಲ ಅದರೊಳಗೇ ಬೀಳುತ್ತದೆ.

ಸೋಫಾವನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ಎರಡನೇ ತಿಂಗಳ ಕೊನೆಗೊಮ್ಮೆ, ಮೊದಲ ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ, ಅದನ್ನು ಸರಿಸಿ ಗೋಡೆಯ ಬುಡಕ್ಕೆ ಕೈಯಾಡಿಸಿ ನೋಡಿ. ನಾನು ಈಗಲೂ ನೋಡುತ್ತೇನೆ.